ವಾಪಸು ಟ್ರಿಪ್ಪು

ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಪೆಟ್ಟಿಗೆಯಲ್ಲಿ
ನರ ಬೆಳೆಸುವ ಪ್ರೋಟೀನು.
ಸಾಸಿವೆ ಸಿಪ್ಪೆಯಷ್ಟೂ ಇಲ್ಲ, ಬೆಲೆ ಮಾತ್ರ
ನನ್ನ ಎರಡು ತಿಂಗಳ ಸಂಬಳ.
ದಿನ ಬಿಟ್ಟು ದಿನ ತಟ್ಟೆಯ ಕೋಶಗಳಿಗೆ
ಒಂದೊಂದು ಹನಿ ಹಾಕುವುದು ನನ್ನ ಕೆಲಸ.
ಸಹಿ ಪುಸ್ತಕದಲ್ಲಿ ಅದಕ್ಕೆ ಊಟ ಅಂತಲೇ ಬರೆಯುತ್ತೇವೆ.

ಮರುದಿನ ನೋಡಬೇಕು:
ಕೋಶದ ಮೈಯಿಂದ ಎಳೆ ಹೊರಟು
ಗಾಜಿನ ಮೇಲೆ ತಡವುತ್ತ, ತಿರುಗುತ್ತ,
ಹೊಸ ಬಾಡಿಗೆ ಮನೆಯ ಕತ್ತಲಲ್ಲಿ
ಸ್ವಿಚ್ಚು ಹುಡುಕುವ ಕೈಯ ಹಾಗೆ.
ಒಮ್ಮೆ ಗಣೇಶನ ಹಬ್ಬದ ರಜದಲ್ಲಿ ಊಟ ತಪ್ಪಿತು.
ಬಂದು ನೋಡಿದರೆ ಎಳೆಗಳೆಲ್ಲ ಮಣಿಮಣಿ,
ದಾರ ಕಿತ್ತ ಸರ.
ಡಾಕ್ಟರು ಬೈಯಲಿಲ್ಲ. ಅದೇ ಕಷ್ಟವಾಯಿತು.

ಮನೆಯಲ್ಲಿ ಮಾವ, ಅಮ್ಮನ ಅಣ್ಣ, ಮುನಿಚೌಡಪ್ಪ.
ಬಿ.ಟಿ.ಎಸ್. ಕಂಡಕ್ಟರು, ಬಿಲ್ಲೆ ನಂಬರು ನಾಲ್ಕು ಸಾವಿರದ ಹನ್ನೊಂದು.
ನನ್ನನ್ನು ಕಂಡೊಡನೆ
"ಪಾಸಾ, ಟಿಕೆಟ್ಟಾ?"
ಪಾಸು ಅಂದರೆ ತೋರಿಸು ಅನ್ನುತ್ತಾನೆ.
ಲ್ಯಾಬಿನ ಗುರುತಿನ ಚೀಟಿ ತೋರಿಸುತ್ತೇನೆ.
ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿ
"ಹಿಂದೆ ಜಾಗ ಐತೆ, ಒಳಗೆ ಹೋಗಮ್ಮ."

ಶಿವಾಜಿನಗರ, ಕಂಟೋನ್ಮೆಂಟು, ಜಯಮಹಲು,
ಮೇಖ್ರಿ ಸರ್ಕಲ್ಲು, ಗಂಗಾನಗರ, ಹೆಬ್ಬಾಳ,
ಕೊಡಿಗೇಹಳ್ಳಿ ಗೇಟು, ಬ್ಯಾಟರಾಯನಪುರ, ಜಕ್ಕೂರು, ಯಲಹಂಕ:
ಒಂದೇ ಉಸಿರು, ಒಂದು ಸ್ಟೇಜೂ ತಪ್ಪದು.
"ಈಗ ವಾಪಸು ಟ್ರಿಪ್ಪು, ಮಾವ," ಅಂದರೆ
ಜಕ್ಕೂರು ಅಂದು, ತುಟಿ ಒದ್ದೆ ಮಾಡಿಕೊಂಡು
ಕಿಟಕಿ ನೋಡುತ್ತಾನೆ.

ಪ್ರೋಟೀನು ಹತ್ತುವುದು ಕೊನೆಯ ಸ್ಟಾಪಿನಲ್ಲಂತೆ,
ಎಳೆಯ ತುತ್ತತುದಿಯಲ್ಲಿ.
ಅಲ್ಲಿಂದ ಉದ್ದಕ್ಕೂ ಹಿಂದಕ್ಕೆ ಬಂದು
ಕೋಶದ ಒಡಲಿಗೆ ಹೇಳಬೇಕು:
ಆ ಕಡೆ ನೀನು ಬೇಕಂತೆ, ಇರು.
ಮರೆವಿನ ರೋಗದಲ್ಲಿ ಸರಕು ತುದಿಯಲ್ಲಿ ಬಿದ್ದೇ ಇರುತ್ತದೆ,
ಬಂಡಿ ಬರುವುದಿಲ್ಲ.
ಡಿಪೋದಲ್ಲಿ ಕಾದೂ ಕಾದೂ
ಒಂದೊಂದೇ ದೀಪ ಆರಿಸಿ
ಕೋಶ ಕುಗ್ಗುತ್ತದೆ.
ಇದ್ದರೂ ಇರಬಹುದು, ಪೂರ್ತಿ ಗೊತ್ತಿಲ್ಲ ಅನ್ನುತ್ತಾರೆ ಡಾಕ್ಟರು.

ಒಂದು ಹನಿ ಕದ್ದು ತರಬಾರದಾ, ಅಂತ ಅಮ್ಮ ಕೇಳಿದಳು,
ತಮಾಷೆಗಲ್ಲ, ಸೌಟು ಕೈಯಲ್ಲೇ ಇತ್ತು.
ರಕ್ತಕ್ಕೂ ಮೆದುಳಿಗೂ ನಡುವೆ ಚೆಕ್ಕಿಂಗ್ ಇದೆಯಮ್ಮ,
ಇಷ್ಟು ದಪ್ಪದ್ದನ್ನು ಹತ್ತಿಸುವುದಿಲ್ಲ ಅಂದೆ.
"ಹಂಗಾರೆ ನಡೆಸು."
ಡಾಕ್ಟರೂ ಅದನ್ನೇ ಅಂದದ್ದು. ನಡೆದರೆ
ಅದರ ತಮ್ಮನಂಥ ಇನ್ನೊಂದು ಪ್ರೋಟೀನು
ಮೆದುಳೊಳಗೇ ಒಂದಿಷ್ಟು ಹುಟ್ಟಬಹುದಂತೆ.

ಅದಕ್ಕೇ ಸಂಜೆ ಆರಕ್ಕೆ ಚೋಳನಾಯಕನಹಳ್ಳಿಯಿಂದ ಹೊರಡುತ್ತೇವೆ.
ಮಾವ ಫುಟ್‌ಪಾತಿನಲ್ಲಿ ನಡೆಯುವುದಿಲ್ಲ, ಬಸ್ಸಿನಲ್ಲಿ ನಡೆಯುತ್ತಾನೆ:
ಕಾಲು ಅಗಲಿಸಿ, ಕಾಣದ ಕಂಬಿಗೆ ಸೊಂಟ ಆನಿಸಿ,
ತಿರುವು ಬಂದರೆ ಮೈ ಮೊದಲೇ ವಾಲುತ್ತದೆ.
ಹೆಬ್ಬಾಳದ ಮೇಲ್ಸೇತುವೆ ನೋಡಿ
ಇದ್ಯಾವ ಊರು ಅಂದ.
ಅವನ ಕಾಲಕ್ಕೆ ಇಲ್ಲಿ ಸೇತುವೆಯೇ ಇರಲಿಲ್ಲ;
ಈ ಒಂದು ಮರೆವು ಅವನದಲ್ಲ.

ನಿನ್ನೆ ಬರುವಾಗ ಮೆಡಿಕಲ್ ಶಾಪಿನ ಬಿಲ್ಲು ಕಿತ್ತುಕೊಂಡು
ಕಿವಿ ಹಿಂದಿನ ಪೆನ್ಸಿಲು ಹುಡುಕಿದ.
ನನ್ನ ಪೆನ್ನು ಕೊಟ್ಟೆ.
ಹಿಂಬದಿಗೆ ಮೂರು ಬರೆದು, ಸುತ್ತ ಗೆರೆ ಎಳೆದು,
"ಚಿಲ್ಲರೆ ಇಲ್ಲ. ಇಳಿಯುವಾಗ ಗ್ಯಾಪಕ ಮಾಡಿ ಇಸ್ಕೊಳ್ಳಮ್ಮ."

ಮನೆ ಗೇಟು ಬಂತು.
ಚೀಟಿ ಚಾಚಿದೆ.
ನೋಡಿದ. ಅಂಗಿ ಜೇಬು, ಚಡ್ಡಿ ಜೇಬು,
ಹೆಗಲಲ್ಲಿಲ್ಲದ ಚರ್ಮದ ಚೀಲ,
ಬೆರಳು ತಡವುತ್ತ, ತಿರುಗುತ್ತ, ಮುಖ ಸಣ್ಣದಾಗುತ್ತ.
"ನಾನಿನ್ನೂ ಇಳಿದಿಲ್ಲ, ಮಾವ," ಅಂದೆ.

"ಓ," ಅಂದ. "ಹಂಗಾರೆ ರೈಟ್."